ಲಗ್ನಪತ್ರಿಕೆಯೊಳಗಿನ ರೂಪಾಯಿಗಳು

ನನ್ನ ನಾಣ್ಯಗಳ ಗಾಜಿನ ಪೆಟ್ಟಿಗೆಯ ಮೇಲೆ ಅಮೋಲ್ ಕೆಂಪು ಚೀಟಿ ಅಂಟಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಚೀಟಿಯ ಮೇಲೆ 'ಬಣ್ಣ ನಕಲಿ' ಎಂದು ಮರಾಠಿಯಲ್ಲಿ ಬರೆದಿತ್ತು. ಅಂದರೆ ಈ ರುದ್ರವ್ವ ಮೋಸಗಾತಿ ಎಂದೇ ಅರ್ಥ. ಅರವತ್ತೊಂದು ವರ್ಷದಲ್ಲಿ ನನ್ನನ್ನು ಜಗಳಗಂಟಿ ಎಂದವರುಂಟು, ಮೋಸಗಾತಿ ಎಂದವರಿಲ್ಲ.

ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಮೇಲಿನ ಹಾಲ್‌ನಲ್ಲಿ ನಮ್ಮ ನಾಣ್ಯ ಸಂಗ್ರಹಕಾರರ ಸಂಘದ ಪ್ರದರ್ಶನ ನಡೆದಿತ್ತು. ನಲವತ್ತು ಗಂಡಸರು, ನಾನೊಬ್ಬಳೇ ಹೆಂಗಸು. ದಹಿಸರ್‌ನಲ್ಲಿ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುವುದು ನನ್ನ ಕೆಲಸ. ಆ ದುಡಿಮೆಯಲ್ಲೇ ಒಂದೊಂದಾಗಿ ಹಳೆಯ ಬೆಳ್ಳಿ ರೂಪಾಯಿ ಕೊಂಡೆ. ಕೊಂಡದ್ದನ್ನು ಮನೆಗೆ ಬಂದ ಲಗ್ನಪತ್ರಿಕೆಯ ಲಕೋಟೆಯಲ್ಲಿ ಹಾಕಿ ಟ್ರಂಕಿನ ತಳದಲ್ಲಿ ಇಡುತ್ತಿದ್ದೆ. ಮೂಲೆಗೆ ಅರಿಸಿನ ಹಚ್ಚಿದ ಪತ್ರಿಕೆಯನ್ನು ನಮ್ಮಲ್ಲಿ ಕಸಕ್ಕೆ ಎಸೆಯುವುದಿಲ್ಲ. ದಪ್ಪ ಕಾಗದ, ಪುಕ್ಕಟೆ ಬೇರೆ. ಇಪ್ಪತ್ತು ಮೂವತ್ತು ವರ್ಷ ಆ ಕಾಗದದೊಳಗೆ ಕೂತು ರೂಪಾಯಿಗಳಿಗೆ ತಾನಾಗಿಯೇ ಬಣ್ಣ ಬಂತು. ಅಂಚಿನಲ್ಲಿ ನೀಲಿ, ಒಳಗೆ ನೇರಳೆ, ರಾಣಿಯ ಕೆನ್ನೆಯ ಹತ್ತಿರ ಹೊನ್ನಿನ ಹಳದಿ. ಹೀಗೆ ತಾನಾಗಿ ಬಣ್ಣ ಬಂದ ನಾಣ್ಯಕ್ಕೆ ಸಂಗ್ರಹಕಾರರಲ್ಲಿ ಬೆಲೆ ಹೆಚ್ಚು. ಮನೆಯಲ್ಲಿ ಅವಕ್ಕೆ ಹೆಸರೂ ಇದೆ, ಯಾರ ಪತ್ರಿಕೆಯೊಳಗಿತ್ತೋ ಅವರದ್ದೇ: ಈಶ್ವರನ ಮದುವೆ ರೂಪಾಯಿ, ಸಪ್ನಾಳ ಮದುವೆ ರೂಪಾಯಿ. ಹೀಗೆ ಏಳು.

ಎಂಟನೆಯದು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ನನ್ನ ಮದುವೆಯಲ್ಲಿ ಅವ್ವ ಉಡಿಯಲ್ಲಿ ಹಾಕಿದ್ದು ಅದು. ಬೆಳ್ಳಿ ಎಂದರೆ ವಿಭೂತಿ ಹಚ್ಚಿ ತಿಕ್ಕಬೇಕು, ಕೊರಳಿನ ಲಿಂಗದ ಕರಡಿಗೆಯಾದರೂ ಸೈ, ದೀಪದ ಸಮೆಯಾದರೂ ಸೈ, ಹಾಗೆಂದೇ ಕಲಿತವಳು ನಾನು. ಒಂದು ದೀಪಾವಳಿಗೆ ಅದನ್ನೂ ಗಸಗಸ ತಿಕ್ಕಿದೆ. ಹಳೆಯ ಬಣ್ಣ ಹೋಯಿತು, ಜೊತೆಗೆ ರಾಜನ ಮೂಗೂ ಸವೆಯಿತು. ಬಣ್ಣ ತೆಗೆಯುವುದು ನಮ್ಮ ಕೈಯಲ್ಲಿದೆ, ತಿರುಗಿ ತರುವುದು ಇಲ್ಲ ಎಂದು ಆಮೇಲೆ ತಿಳಿಯಿತು. ಪ್ರದರ್ಶನಕ್ಕೆ ಅದನ್ನೂ ತಂದು, ಕೆಳಗೆ 'ಇದನ್ನು ಕೆಡಿಸಿದವಳು ನಾನೇ' ಎಂದು ಬರೆದಿಟ್ಟಿದ್ದೆ. ತನ್ನ ತಪ್ಪನ್ನು ತಾನೇ ಬರೆದಿಡುವವಳು ಕಳ್ಳಬಣ್ಣ ಬಳಿಯುತ್ತಾಳೆಯೇ? ಅಷ್ಟೂ ತಲೆ ಓಡಬಾರದೇ?

ಅಮೋಲ್ ನಾಣ್ಯದ ವ್ಯಾಪಾರಿ, ಈ ಸಲದ ತೀರ್ಪುಗಾರನೂ ಹೌದು. ಹೋದ ವರ್ಷ ದಹಿಸರ್‌ನ ನಮ್ಮ ಮನೆಗೆ ಬಂದು ಇದೇ ಏಳು ರೂಪಾಯಿ ನೋಡಿ, "ಮಾವಶಿ, ಇವಕ್ಕೆ ಕಲೆ ಬಿದ್ದಿದೆ, ಬೆಳ್ಳಿಯ ತೂಕಕ್ಕೆ ಕೊಟ್ಟುಬಿಡಿ" ಎಂದಿದ್ದ. ಕೊಡಲಿಲ್ಲ, ಚಹಾ ಕುಡಿಸಿ ಕಳಿಸಿದ್ದೆ. ಹೋದ ವರ್ಷ ಕಲೆ, ಈ ವರ್ಷ ನಕಲಿ!

"ಗ್ಯಾಸ್ ಮೇಲೆ ಕಾಯಿಸಿದ್ದೀರಿ ಮಾವಶಿ," ಎಂದ, ಎಲ್ಲರಿಗೂ ಕೇಳುವಂತೆ. ಅವನಾಡಿದ್ದು ಮರಾಠಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. "ಇಡೀ ದಿನ ಒಲೆಯ ಮುಂದೆ ಇರುವವರು ನೀವು. ನಿಮಗಿದು ಎಷ್ಟರ ಕೆಲಸ?"

ಲಕೋಟೆಗಳನ್ನು ಬಿಚ್ಚಿ ತೋರಿಸಿದೆ. ಒಳಗೆ ರೂಪಾಯಿ ಕೂತಿದ್ದ ಕಡೆ ದುಂಡನೆಯ ಕಪ್ಪು ಗುರುತಿತ್ತು. ಅವನು ಮುಟ್ಟಿಯೂ ನೋಡಲಿಲ್ಲ.

ಸಂಘದ ಕಾರ್ಯದರ್ಶಿ ಕಿಶೋರ ಧಾರವಾಡದ ಕಡೆಯವನು, ಬ್ಯಾಂಕಿನಲ್ಲಿ ನೌಕರಿ, ಒಳ್ಳೆಯವನೇ. ಈ ಒಳ್ಳೆಯವರದ್ದೇ ತೊಂದರೆ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಅಕ್ಕಾರ, ಸುಮ್ನ ಪೆಟ್ಟಿಗಿ ತಗೊಂಡು ಮನಿಗೆ ಹೋಗ್ರಿ. ಗದ್ದಲ ಬ್ಯಾಡ. ನಿಮ್ಮ ಮರ್ಯಾದಿ ಸಲುವಾಗೇ ಹೇಳಾಕತ್ತೀನಿ."

"ನಾ ಹೋದ್ರ ಖರೇನ ಮಾಡೀನಿ ಅಂತ ಆಗ್ತೈತಿ," ಎಂದೆ. "ನಾ ಹೋಗಂಗಿಲ್ಲ."

ಅಮೋಲನ ಕಡೆ ತಿರುಗಿ ಅವನ ಭಾಷೆಯಲ್ಲೇ ಕೇಳಿದೆ: "ಶೇಠ್, ಬೆಂಕಿಯಿಂದ ಈ ಬಣ್ಣ ಬರುತ್ತದೋ ಇಲ್ಲವೋ ಈಗಲೇ ನೋಡಿಬಿಡೋಣ. ಕೆಳಗೆ ಹೋಟೆಲಿದೆ, ಒಲೆಯಿದೆ. ನಿಮ್ಮ ಪೆಟ್ಟಿಗೆಯಿಂದ ಹೊಳೆಯುವ ರೂಪಾಯಿ ಒಂದು ಕೊಡಿ. ಈ ಬಣ್ಣ ನಾನು ತಂದರೆ ಏಳೂ ನಿಮ್ಮವು, ಪುಕ್ಕಟೆ."

ಅವನು ತನ್ನ ಪೆಟ್ಟಿಗೆಗೆ ಕೈ ಅಡ್ಡ ಹಿಡಿದ. "ನನ್ನ ಮಾಲು ಯಾಕೆ ಕೆಡಿಸಲಿ?"

ಕೆಡುತ್ತದೆ ಎಂದು ಅವನಿಗೂ ಗೊತ್ತಿತ್ತು! ಸರಿ, ನನ್ನದೇ ಆಗಲಿ ಎಂದು ಎಂಟನೆಯದನ್ನು ಎತ್ತಿಕೊಂಡೆ. ಪಕ್ಕದಲ್ಲಿಟ್ಟು ನೋಡಲು ಈಶ್ವರನ ಮದುವೆ ರೂಪಾಯಿಯನ್ನೂ ತೆಗೆದುಕೊಂಡೆ. ಹದಿನೈದಿಪ್ಪತ್ತು ಜನ ನನ್ನ ಹಿಂದೆ ಮೆಟ್ಟಿಲಿಳಿದರು, ಅಮೋಲನೂ ಬರಲೇಬೇಕಾಯಿತು. ಊಟದ ಹೊತ್ತು ಮುಗಿದಿತ್ತು. ಅಡುಗೆ ಭಟ್ಟರು ಒಂದು ಒಲೆ ಬಿಟ್ಟುಕೊಟ್ಟು, ಮಸಾಲೆ ದೋಸೆಯ ಪಲ್ಯಕ್ಕೆ ಆಲೂಗಡ್ಡೆ ಸುಲಿಯುತ್ತಾ ಕೂತರು.

ತವಾ ಕಾಯಿತು. ಅವ್ವನ ರೂಪಾಯಿಯನ್ನು ಒಮ್ಮೆ ಸೆರಗಿನಲ್ಲಿ ಒರೆಸಿದೆ. ತವಾದ ಮೇಲಿಟ್ಟೆ. ಸುಳ್ಳೇಕೆ ಹೇಳಲಿ, ಮನಸಾರೆ ಪ್ರಯತ್ನಪಟ್ಟೆ. ಉರಿ ಏರಿಸಿದೆ, ಇಳಿಸಿದೆ, ಮಗುಚಿ ಹಾಕಿದೆ. ಮೂವತ್ತು ವರ್ಷ ಪಳಗಿದ ಕೈ, ರೊಟ್ಟಿಯಾಗಿದ್ದರೆ ಉಬ್ಬಿ ನಿಲ್ಲುತ್ತಿತ್ತು. ರೂಪಾಯಿ ಮೊದಲು ಮಾಸಿದ ಹಳದಿಯಾಯಿತು, ಆಮೇಲೆ ಅಲ್ಲಲ್ಲಿ ಕಂದು, ಕೊನೆಗೆ ಹಾಲು ಸೀದ ಪಾತ್ರೆಯ ತಳದಂತೆ ಕಲೆಕಲೆ. ನೀಲಿ ಬರಲಿಲ್ಲ. ಇಕ್ಕಳದಲ್ಲಿ ಹಿಡಿದು ಈಶ್ವರನ ಮದುವೆ ರೂಪಾಯಿಯ ಪಕ್ಕದಲ್ಲಿಟ್ಟೆ. ಕುರುಡನಿಗೂ ಕಾಣುವಷ್ಟು ವ್ಯತ್ಯಾಸವಿತ್ತು.

ಯಾರೋ ಹಿಂದಿನಿಂದ ನಕ್ಕರು. ಸೋತವನು ಬಾಯಿ ಮುಚ್ಚಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದ. ಅಮೋಲ್ ನನ್ನ ಮೇಲೆ ರೇಗಿದ: "ತವಾ ಮೇಲಿಟ್ಟರೆ ಹೇಗೆ ಬಂದೀತು? ಆಲೂಗಡ್ಡೆ ಸೀಳಿ, ಅದರೊಳಗಿಟ್ಟು, ಸಣ್ಣ ಉರಿಯಲ್ಲಿ ಎರಡು ತಾಸು ಬೇಯಿಸಬೇಕು. ಆಗ ನೀಲಿ ಬರುತ್ತದೆ. ನಾನು..."

'ನಾನು' ಎಂದವನು ಅಲ್ಲಿಗೇ ನಿಂತ.

ಭಟ್ಟರು ಕೈಯಲ್ಲಿದ್ದ ಆಲೂಗಡ್ಡೆಯನ್ನೊಮ್ಮೆ, ಅಮೋಲನನ್ನೊಮ್ಮೆ ನೋಡಿದರು. "ಅಲ್ಲ ಮಾರಾಯ, ಬಟಾಟೆಯಲ್ಲಿ ಪಲ್ಯ ಮಾಡುವುದು ನಮಗೆ ಗೊತ್ತುಂಟು. ಇದು ಯಾವ ಅಡುಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನನ್ನು ಇನ್ನೂ ಯಾರೂ ಕಳ್ಳ ಎಂದೇ ಇರಲಿಲ್ಲ. ಹೋದ ತಿಂಗಳಷ್ಟೇ ಅವನ ಅಂಗಡಿಯಲ್ಲಿ ನೀಲಿ ರೂಪಾಯಿ ಕೊಂಡಿದ್ದ ಬೊರಿವಲಿಯ ಅನಿಲ ಗುಂಪಿನಿಂದ ಮುಂದೆ ಬಂದ.

"ಅಮೋಲ್ ಭಾವು, ನನಗೆ ಕೊಟ್ಟದ್ದು ಎಷ್ಟು ತಾಸು ಬೆಂದದ್ದು?"

ಅಮೋಲ್ ಫೋನ್ ಬಂತೆಂದು ಹೊರಗೆ ಹೋದ. ಫೋನ್ ಬಂದಿರಲಿಲ್ಲ.

ನಾವು ಮೇಲೆ ಬಂದ ಕೂಡಲೇ ಕಿಶೋರ ನನ್ನ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಕಿತ್ತು ಮುದುರಿ ಜೇಬಿಗೆ ಹಾಕಿಕೊಂಡ. ಮತ್ತೆ ಅದೇ ಮೆಲುದನಿ. "ಆತಲ್ರಿ ಅಕ್ಕಾರ, ಚೀಟಿ ತಗದೆ. ಇನ್ನ ಆ ಆಲೂಗಡ್ಡಿ ವಿಷಯ ಯಾರ ಮುಂದೂ ತಗೀಬ್ಯಾಡ್ರಿ. ಆಂವಂದೂ ಮರ್ಯಾದಿ ಐತಿ, ಅಂಗಡಿ ಐತಿ."

ನನಗೆ ಮೈಯೆಲ್ಲ ಉರಿಯಿತು.

"ಏ ತಮ್ಮಾ, ನನ್ನ ಮರ್ಯಾದಿ ಉಳೀಬೇಕಂದ್ರೂ ನಾನೇ ಬಾಯಿ ಮುಚ್ಚಬೇಕು, ಆಂವನ ಮರ್ಯಾದಿ ಉಳೀಬೇಕಂದ್ರೂ ನಾನೇ ಬಾಯಿ ಮುಚ್ಚಬೇಕು? ಆ ಚೀಟಿ ಎಷ್ಟ ಮಂದಿ ನೋಡ್ಯಾರ?"

ಅವನು ನೆಲ ನೋಡಿದ. "ಎಲ್ಲಾರೂ ನೋಡ್ಯಾರ್ರಿ."

"ಹಂಗಾರ ಎಲ್ಲಾರೂ ಕೇಳ್ಲಿ. ಮೈಕ್ ಎಲ್ಲೈತಿ?"

ಮೈಕ್ ಕೆಟ್ಟಿದೆ ಎಂದ. ಪಾಪ, ಅವನಿಗೇನು ಗೊತ್ತು? ಲಿಫ್ಟ್ ಇಲ್ಲದ ಬಿಲ್ಡಿಂಗುಗಳಲ್ಲಿ ನಾಲ್ಕನೇ ಮಾಳಿಗೆಯವರನ್ನು ಕೆಳಗಿನಿಂದಲೇ ಕೂಗಿ ಕರೆದು ರೊಟ್ಟಿ ಕೊಡುವವಳು ನಾನು. ಸೆರಗು ಸಿಕ್ಕಿಸಿ, ಒಂದು ಕುರ್ಚಿ ಎಳೆದುಕೊಂಡು ಮೇಲೆ ಹತ್ತಿದೆ. ಅಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಕಿಶೋರನಿಗೆ ತಿಳಿಯಲೆಂದು ಕನ್ನಡದಲ್ಲಿ, ಆಲೂಗಡ್ಡೆಯ ಕಥೆ ಪೂರ್ತಿ ಹೇಳಿಯೇ ಕೆಳಗಿಳಿದೆ.