ನಾಲ್ಕು ಬೆರಳು ಜಾಗ

ಟ್ರಕ್ಕಿನ ಬೆನ್ನಿಗೆ ಕಟ್ಟಿ ಎಳೆದೊಯ್ಯುವ ಆ ಗಾಲಿಮನೆ ಉದ್ದಕ್ಕೆ ಹತ್ತು ಹೆಜ್ಜೆ, ಅಗಲಕ್ಕೆ ಮೂರು. ಅಮೆರಿಕದ ಉತ್ತರದ ಡಕೋಟಾದ ಚಳಿ ತಪ್ಪಿಸಿಕೊಂಡು ಆರ್ಡಿತ್ ಮತ್ತು ಅವಳ ತಂಗಿ ವೆಲ್ಡಾ ಅದರಲ್ಲಿ ಅರಿಜೋನಾದ ಮರಳುಗಾಡಿಗೆ ಬಂದು ಬೀಡುಬಿಟ್ಟದ್ದು ಇದು ಆರನೆಯ ಚಳಿಗಾಲ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಓಡಿಸುವವಳು ಅಕ್ಕ. ಗಾಡಿ ಹಿಂದಕ್ಕೆ ತೆಗೆಯುವಾಗ ಅಕ್ಕನಿಗೆ ಎದುರಾಗಿ ಮುಂದೆ ನಿಂತು ಕೈ ಬೀಸಿ ದಾರಿ ತೋರುವವಳು ತಂಗಿ. "ಎಡಕ್ಕೆ" ಅಂದರೆ ಸಾಕು, "ಯಾವ ಎಡ, ನಿಂದೋ ನಂದೋ?" ಎಂದು ಅಕ್ಕ ಜಗಳ ತೆಗೆಯುತ್ತಿದ್ದಳು.

ಸೋಮವಾರ ನೀರು ಕಾಯಿಸುವ ಹೀಟರ್ ಸೋರತೊಡಗಿತು. ಆರಿಸಿಟ್ಟದ್ದಾಯಿತು. ಬುಧವಾರ ವೆಲ್ಡಾ ಮಂಚದಡಿಯಿಂದ ಬ್ಯಾಗು ಎಳೆದಳು.

"ತಣ್ಣೀರಲ್ಲಿ ಪಾತ್ರೆ ತೊಳೆಯೋಕೆ ಇಷ್ಟು ದೂರ ಬರ್ಬೇಕಿತ್ತಾ? ಶುಕ್ರವಾರದ ಬಸ್ಸಿಗೆ ಊರಿಗೆ ಹೋಗ್ತೀನಿ."

ಆರ್ಡಿತ್‌ಗೆ ಒಂದೇ ಚಿಂತೆ: ತಂಗಿಯಿಲ್ಲದ ಗಾಲಿಮನೆಯಲ್ಲಿ ಯಾರೊಂದಿಗೆ ಮಾತಾಡುವುದು, ಗೋಡೆಯೊಂದಿಗೋ?

ಸಂಜೆ ನಾಲ್ಕಕ್ಕೆ ಸುತ್ತಲಿನ ಗಾಲಿಮನೆಯವರೆಲ್ಲ ಕುರ್ಚಿ ತಂದು ಬೆಂಕಿಯ ಸುತ್ತ ಕೂರುವ ಹೊತ್ತಿಗೆ ಅವಳು ಹೀಟರಿನ ಸಂಗತಿ ಎತ್ತಿದಳು. ಪುಕ್ಕಟೆ ಸಲಹೆಗೆ ಅಲ್ಲಿ ಬರವೇ? "ಟ್ಯಾಂಕು ತೂತಾಗಿದೆ, ಹೊಸದು ಹಾಕ್ಸು" ಎಂದು ಎಲ್ಲರೂ ತೀರ್ಪು ಕೊಟ್ಟರು. ಅವಳು ಆಗಲೇ ಪೇಟೆಗೆ ಹೋಗಿ ಹೊಸ ಹೀಟರ್ ತಂದಳು.

ಗುರುವಾರ ಬೆಳಿಗ್ಗೆ, ಹಳೆಯದನ್ನು ಕಳಚಲು ಪಕ್ಕದ ಗಾಲಿಮನೆಯ ಹಾಲಿಸ್ ಬಂದ. ಹೊರಗಿನ ಮುಚ್ಚಳ ತೆಗೆದು, ಟ್ಯಾಂಕಿನ ತಳಕ್ಕೆ ಬೆರಳಾಡಿಸಿದ.

"ತೂತು ಎಲ್ಲಿದೆಯಮ್ಮಾ? ತಳ ಒಣಗಿದೆ. ಸೋರ್ತಿರೋದು ಮೇಲಿರೋ, ಒತ್ತಡ ಬಿಡೋ ವಾಲ್ವು."

ಅವನು ಪಂಪು ನಿಲ್ಲಿಸಿದ, ಬಿಸಿನೀರಿನ ನಲ್ಲಿ ತೆರೆಸಿದ, ವಾಲ್ವಿನ ಹಿಡಿ ಎತ್ತಿದ. ಒಂದಿಷ್ಟು ನೀರು ಸುರಿಯಿತು, ಗುಳುಗುಳು ಎಂದು ಗಾಳಿ ಒಳಹೊಕ್ಕಿತು. ಹಿಡಿ ಬಿಟ್ಟ. ಅಷ್ಟೇ ರಿಪೇರಿ!

"ಟ್ಯಾಂಕಿನೊಳಗೆ ಮೇಲೆ ನಾಲ್ಕು ಬೆರಳು ಖಾಲಿ ಇರ್ಬೇಕು. ಕಂಠಪೂರ್ತಿ ತುಂಬಿಬಿಟ್ರೆ, ಕಾದು ಉಬ್ಬಿದ ನೀರು ಎಲ್ಲಿಗೆ ಹೋಗ್ಬೇಕು? ಹೊರಗೆ ಬರುತ್ತೆ."

ಪಂಪು, ಹೀಟರ್ ಮತ್ತೆ ಹಾಕಿದ ಅರ್ಧ ಗಂಟೆಯಲ್ಲಿ ನೀರು ಕಾಯಿತು. ಒಂದು ಹನಿ ಸೋರಲಿಲ್ಲ. ಆರ್ಡಿತ್ ಹಿಗ್ಗಿಹೋದಳು. "ನೋಡೇ, ಬಿಸಿನೀರು! ಬ್ಯಾಗು ಒಳಗಿಡು."

ವೆಲ್ಡಾ ಸ್ವೆಟರ್ ಮಡಿಸುತ್ತಲೇ ಇದ್ದಳು. "ಬಿಸಿನೀರು ಒಂದು ನೆಪ ಅಕ್ಕಾ. ಕಾಫಿ ಹಿಡಿದ್ರೆ ಸಕ್ಕರೆ ಎಷ್ಟು ಅಂತೀಯ. ಪುಸ್ತಕ ತೆಗೆದ್ರೆ ಯಾವುದು ಅಂತೀಯ. ಹೊಸ್ತಿಲು ದಾಟಿದ್ರೆ ಎಲ್ಲಿಗೆ ಅಂತೀಯ. ಹಾಲಿಸ್ ಹೇಳಿದ್ದು ಕೇಳಿಸ್ತಲ್ಲ? ನಂಗೂ ನಾಲ್ಕು ಬೆರಳು ಜಾಗ ಬೇಕು."

ಆರ್ಡಿತ್‌ಗೆ ನೋವಾಗಿತ್ತು, ಏಕೆಂದರೆ ಮಾತು ನಿಜವಾಗಿತ್ತು. ಹೊಸ ಹೀಟರನ್ನು ಟ್ರಕ್ಕಿಗೆ ಹೇರಿ, "ವಾಪಸ್ ಕೊಟ್ಟು ಬರ್ತೀನಿ" ಎಂದಳು. "ನೀನೂ ಬಾ" ಎಂಬುದು ಅಭ್ಯಾಸಬಲದಿಂದ ಬಾಯಿಗೆ ಬಂತು, ತುಟಿ ಕಚ್ಚಿದಳು.

ಒಂದು ಗಂಟೆಯ ಕೆಲಸವನ್ನು ಅವಳು ಇಡೀ ದಿನಕ್ಕೆ ಎಳೆದಳು. ಹೋಟೆಲಿನಲ್ಲಿ ಸೇಬಿನ ಪೈ ತಿಂದಳು. ತಳ ಸೀದಿತ್ತು. ಅದನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ, ದೇವರೇ, ಎಷ್ಟು ಕಷ್ಟ! ಫೋನು ಮಾತ್ರ ಮಾಡಲಿಲ್ಲ.

ಹೊತ್ತು ಮುಳುಗುವಾಗ ಮರಳಿ, ಟ್ರಕ್ಕನ್ನು ಹಿಂದಕ್ಕೆ ತೆಗೆಯತೊಡಗಿದಳು. ಮುಂದಿನ ಗಾಜಿನಾಚೆ ವೆಲ್ಡಾ ಕಂಡಳು. ಎಂದಿನಂತೆ ಎದುರಿಗೆ ನಿಂತು ಕೈ ಬೀಸುತ್ತಿದ್ದಳು.

"ಎಡಕ್ಕೆ! ಎಡಕ್ಕೆ!"

ಆರ್ಡಿತ್ ತುಟಿಪಿಟಕ್ಕೆನ್ನದೆ ತನ್ನ ಎಡಕ್ಕೆ ತಿರುಗಿಸಿದಳು. ಟ್ರಕ್ಕು ಮೆಲ್ಲಗೆ ಹೊರಗಿಟ್ಟಿದ್ದ ಊಟದ ಮೇಜಿಗೆ ಗುದ್ದಿತು.

"ಅಯ್ಯೋ ಪುಣ್ಯಾತ್ಗಿತ್ತಿ! ಯಾವ ಎಡ ಅಂತ ಕೇಳ್ಬಾರ್ದಾ?" ವೆಲ್ಡಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆರ್ಡಿತ್ ಇಳಿದಳು. "ನಾಳೆ ಬಸ್ಸು ಎಷ್ಟು ಗಂಟೆಗೆ? ಬಿಟ್ಟು ಬರ್ತೀನಿ."

"ನಾಳೆನೂ ಹೀಗೇ ಎಲ್ಲಾದ್ರೂ ಹೋಗ್ತೀಯಾ?"

"ಹೋಗ್ತೀನಿ."

"ಹಾಗಾದ್ರೆ ಬಸ್ಸು ಯಾಕೆ?" ಎಂದಳು ವೆಲ್ಡಾ. "ಬಾ, ನೀರು ಕಾದಿದೆ. ಮೊದ್ಲು ಸ್ನಾನ ಮಾಡು. ಆಮೇಲೆ ಪೇಟೇಲಿ ಏನು ತಿಂದೆ, ಎಲ್ಲಾ ಹೇಳು."