ಹಿತ್ತಲ ನರಿಯ ಮುಖ

ನಮ್ಮ ಹಿತ್ತಲಿಗೆ ನರಿ ಬಂದದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ಕಾಡುಪ್ರಾಣಿ, ಹೊಟ್ಟೆಪಾಡಿಗೆ ಬಂತು. ಪಕ್ಕದ ಮನೆಯ ರಹೀಮಾಬಿಯ ಕೋಳಿಯೊಂದನ್ನು ತಿಂದು, ನಮ್ಮ ಹಿತ್ತಲ ಬಾಗಿಲಿನ ಕೆಳಗೆ ಹಲಗೆ ಮುರಿದಿದ್ದ ಸಂದಿಯಲ್ಲಿ ನುಸುಳಿ, ಜೋಳದ ಕಣಕಿಯ ಬಣವೆಯ ಹಿಂದೆ ಮಲಗಿತು. ನನ್ನ ಸಿಟ್ಟೆಲ್ಲ ಎರಡು ಕಾಲಿನವರ ಮೇಲೆ.

ಬೆಳಿಗ್ಗೆ ಸಗಣಿ ಎತ್ತಲು ಹೋದಾಗ ಅದನ್ನು ಮೊದಲು ಕಂಡವಳು ನಾನು. ನಾಯಿಯೆಂದುಕೊಂಡು ಹಚಾ ಎಂದೆ. ಅದು ತಿರುಗಿದಾಗ ಚೂಪು ಮೂತಿ ಕಂಡು, ಬುಟ್ಟಿ ಬಿಸಾಕಿ ಓಡಿ ಬಂದು ಮಲಗಿದ್ದ ನಮ್ಮ ಮನೆಯವರನ್ನು ಅಲುಗಾಡಿಸಿ ಎಬ್ಬಿಸಿದೆ. ನನ್ನ ಗಂಡ ಈರಪ್ಪ ಕೋಲು ಹಿಡಿದು ಹೋದವರು, ನರಿಯನ್ನು ಕಂಡ ಕೂಡಲೇ ಕೋಲು ಬಿಟ್ಟು ಕೈ ಮುಗಿದರು.

"ಏ ಗೌರಿ, ನರಿ ಮಾರಿ ನೋಡಿ ಎದ್ದೆ ನೋಡ! ಈ ಸಲ ಸೊಸೈಟಿ ನಂದ!"

ಎದ್ದು ಮೊದಲು ನೋಡಿದ್ದು ಎಬ್ಬಿಸಿದ ನನ್ನ ಮುಖ. ಆದರೆ ಅದು ಲೆಕ್ಕಕ್ಕಿಲ್ಲ.

ಎದ್ದ ಕೂಡಲೇ ನರಿಯ ಮುಖ ಕಂಡವನಿಗೆ ಆ ದಿನ ಮುಟ್ಟಿದ್ದೆಲ್ಲ ಚಿನ್ನ ಎಂಬುದು ಹಳೆಯ ನಂಬಿಕೆ. ಊರಿನ ಸಹಕಾರಿ ಸೊಸೈಟಿಯ ಚುನಾವಣೆ ಹತ್ತಿರ ಬಂದಿತ್ತು. ಕಳೆದ ಸಲ ಅದರಲ್ಲಿ ಸೋತು ಬಂದು, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹತ್ತು ಜನರ ಮುಂದೆ ಇವರು ಆಡಿದ ಮಾತು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತದೆ. "ಇವತ್ತ ಎದ್ದು ಯಾರ ಮಾರಿ ನೋಡಿದ್ನೋ ಏನೋ!" ಎಂದಿದ್ದರು. ಜನ ನಕ್ಕಿದ್ದರು. ಈ ಮನೆಯಲ್ಲಿ ಇವರಿಗಿಂತ ಮೊದಲು ಎದ್ದು, ಚಹಾ ಹಿಡಿದು ಇವರ ಮುಂದೆ ನಿಲ್ಲುವವಳು ಒಬ್ಬಳೇ. ಅದು ಯಾರೆಂದು ನಕ್ಕವರಿಗೆಲ್ಲ ಗೊತ್ತಿತ್ತು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲ ನರಿ ಮಾತ್ರ ಊರಿಗೆಲ್ಲ ಮದ್ದಾಯಿತು. ಮರುದಿನ ಬೆಳಕು ಹರಿಯುವುದರೊಳಗೆ ಬಾಗಿಲಲ್ಲಿ ಸಾಲು. ಎದ್ದ ಮೇಲೆ ಬೇರೆ ಯಾರೂ ಕಣ್ಣಿಗೆ ಬೀಳಬಾರದೆಂದು ಎಲ್ಲರೂ ಮುಖಕ್ಕೆ ಟವೆಲ್ ಸುತ್ತಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದು ಬಂದಿದ್ದರು. ಪಕ್ಕದೂರು ಯರಗುಪ್ಪಿಯಿಂದ ಒಬ್ಬ ಬೈಕಿನ ಹಿಂದೆ ಕಣ್ಣು ಮುಚ್ಚಿಕೊಂಡೇ ಕುಳಿತು ಬಂದಿದ್ದ. ನನ್ನ ನೀರಿನ ಕೊಡ ಉರುಳಿತು, ಒಣಹಾಕಿದ್ದ ಮೆಣಸಿನಕಾಯಿಯನ್ನು ತುಳಿದು ಹಾಳುಮಾಡಿದರು. ಈ ಕುರುಡರ ಮೆರವಣಿಗೆಯಲ್ಲಿ ಇವರ ಎದುರಾಳಿ ಹೇಮಂತನೂ ಇದ್ದ.

"ನೀವೂ ಅದ ನರಿ ನೋಡಿದ್ರ, ನಮ್ಮ ಮನಿಯಾವ್ರೂ ಅದ ನರಿ ನೋಡಿದ್ರ, ಗೆಲ್ಲಾವ್ರ್ಯಾರು?" ಎಂದೆ.

"ಅದನ್ನ ನರೀನ ಹೇಳಬೇಕ್ರೀ ಅಕ್ಕಾರ," ಎಂದ ಅವನು, ಟವೆಲಿನೊಳಗಿಂದಲೇ.

ಪಾಪದ ನರಿ ಗೋಡೆಗೆ ಮುಖ ಮಾಡಿ ಮುದುಡಿತ್ತು. ಯಾರೋ ಉದ್ದನೆಯ ಕೋಲಿನಿಂದ ತಿವಿದರು. "ಮಾರಿ ತೋರಸಲೇ!" ಎಂದು ಕೂಗಿದರು. ಅದು ಹಲ್ಲು ಕಿರಿದು ತಿರುಗಿದರೆ ಎಲ್ಲರೂ ಟವೆಲ್ ತೆಗೆದು ಕೈ ಮುಗಿದರು. ನಾನು ಕೋಲು ಕಸಿದು ಮುರಿದೆ. "ಹುಚ್ಚಿ," ಎಂದರು ನಮ್ಮವರು.

ಮಧ್ಯಾಹ್ನ ಜನ ಊಟಕ್ಕೆ ಹೋದರು, ಇವರು ಮತ ಕೇಳಲು ಹೋದರು. ಇಷ್ಟು ಹೆದರಿದರೂ ಇದು ಬಂದ ದಾರಿಯಲ್ಲೇ ಏಕೆ ಓಡಲಿಲ್ಲ ಎಂದು ಹಿತ್ತಲ ಬಾಗಿಲಿಗೆ ಹೋಗಿ ನೋಡಿದೆ. ಸಂದಿಗೆ ನಮ್ಮತ್ತೆಯ ಹಳೆಯ ಬೀಸುಕಲ್ಲು ಅಡ್ಡ ನಿಂತಿತ್ತು. ಆ ಕಲ್ಲು ಇದ್ದದ್ದು ನಮ್ಮ ಅಟ್ಟದ ಕೆಳಗೆ, ಅದನ್ನು ತಂದಿಟ್ಟ ಕೈ ಯಾರದೆಂದು ಕೇಳಬೇಕಾಗಿರಲಿಲ್ಲ. ಮರುದಿನ ಚುನಾವಣೆ. ಅಲ್ಲಿಯವರೆಗೆ ನರಿ ಇಲ್ಲೇ ಇರಬೇಕಿತ್ತು, ಬದುಕಿದ್ದರೆ ಸಾಕಿತ್ತು.

ನನ್ನ ಮೈ ಉರಿದುಹೋಯಿತು. ಗೋಡೆಯಾಚೆಯ ರಹೀಮಾಬಿಯನ್ನು ಕೂಗಿದೆ. ಬಂದು ಕಲ್ಲನ್ನೂ ನರಿಯನ್ನೂ ನೋಡಿದಳು.

"ನನ್ನ ಕೋಳಿ ತಿಂದೈತಿ ಗೌರಕ್ಕ, ನನಗೂ ಹೊಟ್ಟಿ ಉರಿತೈತಿ," ಎಂದಳು. "ಆದ್ರ ನೀರಿಲ್ದ ಸಾಯೂದು ಬ್ಯಾಡವಾ. ಹಿಡಿ ಆ ಕಡೆ."

ಇಬ್ಬರೂ ಸೇರಿ ಕಲ್ಲು ಉರುಳಿಸಿದೆವು. ನಾನು ಒಂದು ಬೋಗುಣಿ ನೀರು ಸರಿಸಿದಾಗ ನರಿಯ ಮುಖ ಹತ್ತಿರದಿಂದ ಕಂಡಿತು. ಕಣ್ಣಲ್ಲಿ ಪಿಚ್ಚು ಕಟ್ಟಿತ್ತು, ನಾಲಗೆ ಒಣಗಿತ್ತು, ಮೂತಿಯ ಮೇಲೆ ತಿವಿದ ಗಾಯವಿತ್ತು. ಊರಿಗೆಲ್ಲ ಅದೃಷ್ಟ ಹಂಚುವ ಮುಖವಂತೆ. ಅದು ತಾನು ಎದ್ದು ಯಾರ ಮುಖ ನೋಡಿತ್ತೋ ಎಂದು ನನಗೆ ಅಳು ಬಂತು. ನಾವು ದೂರ ಸರಿದ ಮೇಲೆ ನೀರು ಕುಡಿದು, ಸಂದಿಯಲ್ಲಿ ನುಸುಳಿ, ಕಡಲೆ ಹೊಲದತ್ತ ಕುಂಟುತ್ತ ಹೋಯಿತು. ಹಿಂದಿರುಗಿ ನೋಡಲಿಲ್ಲ, ಒಳ್ಳೆಯದೇ ಮಾಡಿತು.

ಸಂಜೆ ಇವರ ಆರ್ಭಟ ಓಣಿಗೆಲ್ಲ ಕೇಳಿಸಿತು.

"ಯಾರ ಬಿಟ್ಟವ್ರು ಅದನ್ನ?"

"ನಾನ."

"ನಾಳೆ ಮುಂಜಾನೆ ನಾ ಯಾರ ಮಾರಿ ನೋಡಿ ಏಳಲಿ?"

"ನನ್ನ ಮಾರಿ ಅಂತೂ ಅಲ್ರಿ. ಸೋತ್ರ ಈ ಸಲ ಯಾರ ಮ್ಯಾಲ ಹಾಕ್ತೀರಿ ನೋಡೇ ಬಿಡ್ತೀನಿ."

ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ಇವರು ಏಳುವ ಮೊದಲೇ ಚಹಾ ಮಾಡಿ ಮುಚ್ಚಿಟ್ಟು, ಗಡ್ಡ ಕೆರೆದುಕೊಳ್ಳುವ ಕನ್ನಡಿಯನ್ನು ದಿಂಬಿನ ಎದುರಿಗೆ ಒರಗಿಸಿ, ರಹೀಮಾಬಿಯ ಮನೆಗೆ ಹೋಗಿ ಕುಳಿತೆ.

ಸಂಜೆ ಸೋತು ಬಂದರು. ಗೆದ್ದವನು ಹೇಮಂತನೂ ಅಲ್ಲ, ನರಿಯ ಗೊಡವೆಗೇ ಬಾರದೆ ಮನೆಮನೆ ತಿರುಗಿದ್ದ ಮೂರನೆಯ ಉಮೇದುವಾರ ದಾವೂದಸಾಬ. ಅದೇ ಕಟ್ಟೆ, ಅದೇ ಹತ್ತು ಜನ. ಅವರಲ್ಲೊಬ್ಬ ಮೆಲ್ಲಗೆ ಕೇಳಿದ, "ಈರಪ್ಪಣ್ಣ, ಇವತ್ತ ಎದ್ದು ಯಾರ ಮಾರಿ ನೋಡಿದ್ಯೋ?"

ನಮ್ಮವರ ಕೈ ಗಡ್ಡಕ್ಕೆ ಹೋಯಿತು. ನಾನು ಬಾಗಿಲಲ್ಲೇ ನಿಂತು ಅವರ ಮುಖವನ್ನು ಕಣ್ತುಂಬ ನೋಡಿದೆ.