ಬಿಚ್ಚಮ್ಮನ ಮಗಳು

ನಮ್ಮ ಬೀದಿಯಲ್ಲಿ ನನ್ನ ಹೆಸರು ಬಿಚ್ಚಮ್ಮ. ಆಡಿಕೊಳ್ಳಲೆಂದೇ ಇಟ್ಟ ಹೆಸರು, ನಾನು ಅದನ್ನು ಬಿರುದು ಅಂತ ಇಟ್ಟುಕೊಂಡೆ. ಹೊಲಿದು ಮುಗಿಸಿದ ಅಂಗಿಯ ಕಾಲರಿನಲ್ಲಿ ಒಂದೇ ಒಂದು ಹೊಲಿಗೆ ಆಚೀಚೆ ಆಗಿದ್ದರೂ ನಾನು ಅರ್ಧ ಬ್ಲೇಡು ಹಿಡಿದು ಬಿಚ್ಚಲು ಕೂರುತ್ತೇನೆ, ಗಿರಾಕಿ ಬಸ್ಸಿಗೆ ಹೊರಟು ನಿಂತಿದ್ದರೂ ಸರಿಯೇ. ಯಾರ ಕಣ್ಣಿಗೂ ಬೀಳಲ್ಲ ಬಿಡಿ ಅಂದವರಿಗೆ, ನನ್ನ ಕಣ್ಣಿಗೆ ಬಿದ್ದಿದೆಯಲ್ಲ, ನಾನೇನು ಕುರುಡಿಯಾ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ. ಇಪ್ಪತ್ತೆರಡು ವರ್ಷ ಈ ಅಂಗಡಿಯಿಂದ ಒಂದು ಸೊಟ್ಟ ಹೊಲಿಗೆಯೂ ಹೊಸ್ತಿಲು ದಾಟಿರಲಿಲ್ಲ. ಬೇಕಾದರೆ ಜಂಬ ಅನ್ನಿ.

ಈ ರೋಗ ಮಗಳಿಗೂ ಅಂಟಿತು. ಚಿಕ್ಕವಳಿದ್ದಾಗ ಅಕ್ಷರ ಕೊಂಚ ವಾಲಿದರೂ ಪುಟ ತೂತಾಗುವವರೆಗೆ ರಬ್ಬರಿನಿಂದ ಉಜ್ಜುತ್ತಿದ್ದಳು. ಎಷ್ಟಾದರೂ ನನ್ನ ಮಗಳಲ್ಲವೇ ಅಂತ ಬೀಗುತ್ತಿದ್ದೆ. ಹಾಗೆ ಬೀಗಿದ್ದಕ್ಕೆ ಆಮೇಲೆ ಚೆನ್ನಾಗಿಯೇ ಅನುಭವಿಸಿದೆ.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಲ್ಯಾಬಿಗೆ ಸೇರಬೇಕೆಂಬುದು ಅವಳ ಆಸೆ. ಅದಕ್ಕೊಂದು ಪರೀಕ್ಷೆ ಇದೆ. ಮೂರು ಗಂಟೆಯಲ್ಲಿ ಐವತ್ತು ಪ್ರಶ್ನೆ, ಅದರಲ್ಲಿ ಮೂವತ್ತೈದು ಸರಿಯಾಗಬೇಕು. ಮೊದಲ ಸಲ ಅವಳು ಬರೆದದ್ದು ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತೂ ಸರಿ. ಎರಡನೇ ಸಲ ಮೂವತ್ತೊಂದು, ಅಷ್ಟೂ ಸರಿ. ಉಳಿದದ್ದು ಗೊತ್ತಿರಲಿಲ್ಲ ಅಂತಲ್ಲ. ಒಂದೊಂದು ಉತ್ತರವನ್ನೂ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಗಂಟೆ ಬಾರಿಸಿದಾಗ ಮುಂದಿನ ಪುಟಗಳೆಲ್ಲ ಖಾಲಿ. ಮೂರಕ್ಕಿಂತ ಹೆಚ್ಚು ಸಲ ಕೂರಲು ಬಿಡುವುದಿಲ್ಲ. ಇನ್ನೊಂದು ಸಲ ಹೀಗೇ ಆದರೆ ಆ ಲ್ಯಾಬಿನ ಬಾಗಿಲು ಅವಳ ಪಾಲಿಗೆ ಮುಚ್ಚಿದ ಹಾಗೆಯೇ.

ಕೊನೆಯ ಸಲಕ್ಕೆ ಮೂರು ವಾರ ಇತ್ತು. ಅವಳು ಅಂಗಡಿಯ ಮೂಲೆಯಲ್ಲಿ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ನಾಲ್ಕನೇ ಉತ್ತರವನ್ನೇ ಮುಕ್ಕಾಲು ಗಂಟೆಯಿಂದ ಪೆನ್ಸಿಲಿನಲ್ಲಿ ಬರೆದು ಅಳಿಸಿ ತಿದ್ದುತ್ತಿದ್ದಳು. ನನಗೆ ತಲೆ ಕೆಟ್ಟುಹೋಯಿತು. ಬಾಯಿಗೆ ಬಂದ ಹಾಗೆ ಬೈದೆ. ಅವಳು ಅಳಲಿಲ್ಲ. ನನ್ನ ಮಡಿಲಲ್ಲಿದ್ದ ಕೋಟಿನ ಕಡೆ ಕೈ ತೋರಿಸಿದಳು.

"ನನಗೆ ಹೇಳ್ತೀಯಲ್ಲ, ಆ ತೋಳಿನ ಹೊಲಿಗೆ ನೋಡು. ಎಷ್ಟು ಸೊಟ್ಟ ಇದೆ. ಅದನ್ಯಾಕೆ ಬಿಚ್ತಿಲ್ಲ ನೀನು?"

"ಇದು ಕಚ್ಚಾ ಹೊಲಿಗೆ ಕಣೇ, ಸೊಟ್ಟ ಇದ್ರೆ ಇರ್ಲಿ. ಮೊದಲು ತೋಳು, ಕಾಲರು ಎಲ್ಲ ಸೇರಿ ಕೋಟು ಅಂತ ಒಂದು ನಿಲ್ಲಬೇಕು. ಮಿಷನ್ ಹೊಲಿಗೆ ಆಮೇಲೆ. ತೋಳೊಂದನ್ನೇ ನೆಟ್ಟಗೆ ಮಾಡ್ತಾ ಕೂತ್ರೆ ಗಿರಾಕಿಗೆ ತೋಳೊಂದನ್ನೇ ಕೊಟ್ಟು ಕಳಿಸಬೇಕಾಗುತ್ತೆ."

ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತು ನನ್ನ ಕಿವಿಗೇ ಬಿತ್ತು. ಅವಳೂ ನನ್ನನ್ನೇ ನೋಡುತ್ತಿದ್ದಳು. ಎರಡು ಸಲವೂ ಅವಳು ಕೊಟ್ಟು ಬಂದದ್ದು ಬರೀ ತೋಳು.

ಅವತ್ತೇ ಅವಳ ರಬ್ಬರನ್ನು ಕಿತ್ತುಕೊಂಡು ನನ್ನ ಗುಂಡಿ ಡಬ್ಬಕ್ಕೆ ಹಾಕಿದೆ. ಉತ್ತರ ಬರೆಯಲು ಹೊಸ ಕ್ರಮ ಹಾಕಿಕೊಟ್ಟೆ. ಮೊದಲ ಸುತ್ತಿನಲ್ಲಿ ಐವತ್ತಕ್ಕೂ ಕಚ್ಚಾ ಹೊಲಿಗೆ, ಒಂದೊಂದಕ್ಕೆ ಎರಡೇ ಸಾಲು, ಸೊಟ್ಟಪಟ್ಟ ಇದ್ದರೂ ಸರಿ. ಎರಡನೇ ಸುತ್ತಿನಲ್ಲಿ ಮಿಷನ್, ಅಂದರೆ ಪೂರ್ತಿ ಉತ್ತರ. ಮೊದಮೊದಲು ಅವಳು ಬರೆದದ್ದನ್ನೇ ತಿದ್ದಲು ಹಿಂದೆ ಹೋಗುತ್ತಿದ್ದಳು. ಪೆನ್ಸಿಲು ನಿಂತದ್ದು ನನಗೆ ಮಿಷನ್ನಿನ ಸದ್ದಿನ ನಡುವೆಯೂ ಗೊತ್ತಾಗುತ್ತಿತ್ತು. ತಲೆ ಎತ್ತದೆ 'ಕಚ್ಚಾ' ಅನ್ನುತ್ತಿದ್ದೆ. ಅಳತೆ ಕೊಡಲು ಬಂದವರು ತಮ್ಮ ಬಟ್ಟೆಗೇ ಹೇಳಿದ್ದು ಅಂದುಕೊಂಡು ಗಾಬರಿಯಾಗುತ್ತಿದ್ದರು.

ಪರೀಕ್ಷೆಯ ದಿನ ಅಂಗಡಿಗೆ ಬೀಗ ಹಾಕಿ ಗೇಟಿನ ಹೊರಗೆ ನಿಂತೆ. ಅವಳು ಬಂದಾಗ ಮುಖ ಸಪ್ಪಗಿತ್ತು.

"ಐವತ್ತೂ ಬರೆದೆ ಅಮ್ಮ. ಆದ್ರೆ ಏಳನೇದು ತಪ್ಪು. ಕೊನೇ ಹತ್ತು ನಿಮಿಷದಲ್ಲಿ ಕಣ್ಣಿಗೆ ಬಿತ್ತು. ತಿದ್ದೋಕೆ ಕೂತಿದ್ರೆ ಕೊನೆಯ ಐದು ಉತ್ತರ ಅರ್ಧಕ್ಕೇ ನಿಲ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ ಹಾಗೇ ಬಿಟ್ಟು ಬಂದೆ."

ತಪ್ಪನ್ನು ಕಂಡೂ ಕೈ ಹಿಡಿದುಕೊಳ್ಳುವುದು ಎಷ್ಟು ಕಷ್ಟವೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು. ಇಷ್ಟು ವರ್ಷದಲ್ಲಿ ನನ್ನಿಂದ ಒಂದು ದಿನವೂ ಆಗದ್ದನ್ನು ಇವಳು ಮಾಡಿ ಬಂದಿದ್ದಳು. ಫಲಿತಾಂಶ ಏನೇ ಬರಲಿ, ನನಗೆ ಅಲ್ಲೇ ಎದೆ ಉಬ್ಬಿತು.

ಬಂದದ್ದು ನಲವತ್ತನಾಲ್ಕು. ಬೀದಿಯ ಒಂದು ಅಂಗಡಿಯನ್ನೂ ಬಿಡದೆ ಹೊಕ್ಕು, ಬೇಡದ ಸಾಮಾನು ಕೇಳುವ ನೆಪದಲ್ಲಿ ಎಲ್ಲರಿಗೂ ಹೇಳಿ ಬಂದೆ. ಕೆಲವರಿಗೆ ಎರಡು ಸಲ ಹೇಳಿದೆನಂತೆ.

ಲ್ಯಾಬಿಗೆ ಬಿಳಿ ಕೋಟು ಬೇಕಿತ್ತು. ಬೇರೆಯವರು ಹೊಲಿಯಲು ನಾನೇನು ಸತ್ತಿದ್ದೇನೆಯೇ, ನಾನೇ ಹೊಲಿದೆ. ಅವಳು ಕೆಲಸಕ್ಕೆ ಸೇರುವ ಹಿಂದಿನ ಸಂಜೆ ಇಸ್ತ್ರಿ ಮಾಡುವಾಗ ಕಂಡಿತು. ಜೇಬಿನ ಅಂಚಿನಲ್ಲಿ ಹೊಲಿಗೆ ಎಳ್ಳಷ್ಟು ಹೊರಗೆ ಹೋಗಿತ್ತು. ಕೈ ತಾನಾಗಿಯೇ ಬ್ಲೇಡು ಎತ್ತಿಕೊಂಡಿತು. ತುಂಬ ಹೊತ್ತು ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ಅದನ್ನು ಗುಂಡಿ ಡಬ್ಬಕ್ಕೆ, ಅವಳ ರಬ್ಬರಿನ ಪಕ್ಕಕ್ಕೆ ಹಾಕಿ ಮುಚ್ಚಳ ಮುಚ್ಚಿದೆ.

ಬೆಳಿಗ್ಗೆ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತವಳ ಬೆರಳು ನೇರವಾಗಿ ಆ ಜೇಬಿನ ಅಂಚಿಗೇ ಹೋಯಿತು.

"ಅಮ್ಮ, ಇಲ್ಲಿ ಸೊಟ್ಟ ಹೋಗಿದೆ."

"ಗೊತ್ತು," ಅಂದೆ. "ಅದು ಏಳನೇ ಪ್ರಶ್ನೆ."

ಅವಳು ನನ್ನನ್ನು ನೋಡಿದಳು, ಆಮೇಲೆ ಆ ಜೇಬಿನೊಳಗೆ ಪೆನ್ನು ಸಿಕ್ಕಿಸಿಕೊಂಡು ಕೆಲಸಕ್ಕೆ ಹೊರಟಳು. ಈ ಅಂಗಡಿಯಿಂದ ಆಚೆ ಹೋದ ಮೊದಲ ಸೊಟ್ಟ ಹೊಲಿಗೆ ಅದು. ಬೀದಿ ತಿರುಗುವವರೆಗೂ ನೋಡುತ್ತ ಬಾಗಿಲಲ್ಲೇ ನಿಂತಿದ್ದೆ.